ಗೇಮ್‌ಗಳಿಗೆ ಸಂಗೀತ, ಸೌಂಡ್ ಮಾಡುವ ಕೆಲಸಕ್ಕೆ ಬರಬೇಕು, ಎಲ್ಲಿಂದ ಶುರು ಮಾಡಲಿ?

ನೀವು ಬಿ.ಕಾಂ ಕೊನೆಯ ವರ್ಷ, 10 ವರ್ಷ ವಯಲಿನ್ ಕಲಿತಿದ್ದೀರಿ. ಗೇಮ್ ಸಂಗೀತ ಮಾಡುವ ಆಸೆಗೆ 3 ಲಕ್ಷದ ಕೋರ್ಸ್ ಸೇರಬೇಕಾ, ವಯಲಿನ್ ಉಪಯೋಗಕ್ಕೆ ಬರುತ್ತಾ ಎಂದು ಕೇಳಿದ್ದೀರಿ. ಕೋರ್ಸ್ ಸದ್ಯಕ್ಕೆ ಬೇಡ. ನಾನು ಬೆಂಗಳೂರಿನಲ್ಲಿ 8 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಇಲ್ಲಿಯವರೆಗೆ ಯಾರೂ ಸರ್ಟಿಫಿಕೇಟ್ ಕೇಳಿಲ್ಲ. "ಏನು ಮಾಡಿದ್ದೀರಿ, ಕೇಳಿಸಿ" ಅಂತಲೇ ಎಲ್ಲರೂ ಕೇಳಿದ್ದು.

ಸಿನಿಮಾದಲ್ಲಿ ದೃಶ್ಯ ಎರಡು ನಿಮಿಷ ಅಂದರೆ ಎರಡೇ ನಿಮಿಷ. ಅಳತೆ ತೆಗೆದು ಸಂಗೀತ ಕೂರಿಸಬಹುದು. ಗೇಮ್‌ನಲ್ಲಿ ಆಡುವವರು ಒಂದೇ ಬಾಗಿಲ ಮುಂದೆ ಅರ್ಧ ಗಂಟೆ ನಿಲ್ಲಬಹುದು, ಇಲ್ಲಾ ಹತ್ತು ಸೆಕೆಂಡಿನಲ್ಲಿ ಓಡಿಹೋಗಬಹುದು. ಹಾಗಾಗಿ ಸಂಗೀತವನ್ನು ಪದರ ಪದರವಾಗಿ ಮಾಡುತ್ತೇವೆ. ಸುಮ್ನೆ ನಡೆಯುವಾಗ ತಂಬೂರಿಯಂಥ ಒಂದು ಪದರ ಮಾತ್ರ, ಶತ್ರು ಹತ್ತಿರ ಬಂದರೆ ಅದರ ಮೇಲೆ ತಾಳ, ಹೊಡೆದಾಟ ಶುರುವಾದರೆ ಮಿಕ್ಕಿದ್ದೆಲ್ಲ. ಯಾವ ಪದರ ಯಾವಾಗ ಬಂದರೂ ಹೋದರೂ ಲಯ, ಶ್ರುತಿ ಕೆಡಬಾರದು. ಕಚೇರಿಯಲ್ಲಿ ಮೃದಂಗ, ಘಟದವರಷ್ಟೇ ನುಡಿಸುವ ತನಿ ಆವರ್ತನ ಕೇಳಿ ಬೆಳೆದವರಿಗೆ ಇದು ಬೇಗ ಹಿಡಿತಕ್ಕೆ ಬರುತ್ತದೆ ಎಂದು ನನ್ನ ನಂಬಿಕೆ.

ಆದರೆ ಹೊಸಬರಿಗೆ ಸಂಗೀತದ ಕೆಲಸ ಸಿಗುವುದು ಕಷ್ಟ. ಸದ್ದಿನ ಕೆಲಸ ಜಾಸ್ತಿ ಇರುತ್ತದೆ, ಅದನ್ನೇ ಮೊದಲು ಹಿಡಿಯಿರಿ. ಹೆಜ್ಜೆ ಸದ್ದನ್ನೇ ತೆಗೆದುಕೊಳ್ಳಿ. ಒಂದೇ ರೆಕಾರ್ಡಿಂಗ್ ಮತ್ತೆ ಮತ್ತೆ ಬಂದರೆ ಅದು ಯಂತ್ರ ಅಂತ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಅದಕ್ಕೇ ಮಣ್ಣಿಗೆ ಆರೆಂಟು, ಕಲ್ಲಿಗೆ ಆರೆಂಟು, ನೀರಿಗೆ ಆರೆಂಟು ಬೇರೆ ಬೇರೆ ಹೆಜ್ಜೆ ರೆಕಾರ್ಡ್ ಮಾಡಿ, ಪ್ರತಿ ಸಲ ಪಿಚ್ ಒಂಚೂರು ಬದಲಾಗುವಂತೆ ಕಲಸಿ ಬಿಡುತ್ತೇವೆ. ಮೂಳೆ ಮುರಿಯುವ ಸದ್ದಿಗೆ ಕಬ್ಬಿನ ಜಲ್ಲೆ ಮುರಿಯುತ್ತೇವೆ, ಹಿಮದ ಮೇಲಿನ ನಡಿಗೆಗೆ ಚೀಲದಲ್ಲಿ ಹಾಕಿ ಹಿಚುಕಿದ ಕಾರ್ನ್‌ಫ್ಲೋರ್. ನಮ್ಮ ಊರಿನ ಗಲಾಟೆಯಲ್ಲಿ ಹಗಲು ರೆಕಾರ್ಡಿಂಗ್ ಆಗುವ ಮಾತಲ್ಲ, ನಾನು ರಾತ್ರಿ ಮೂರಕ್ಕೆ ಎದ್ದು ಫ್ರಿಜ್, ಫ್ಯಾನ್ ಆರಿಸಿ ಮಾಡುತ್ತೇನೆ. ಗಲಾಟೆಯೇ ಬೇಕಿದ್ದರೆ ಬೆಳಗ್ಗೆ ಐದಕ್ಕೆ ಕೆ.ಆರ್. ಮಾರ್ಕೆಟ್‌ಗೆ ಹೋಗಿ, ಹೂವಿನವರ ಕೂಗು ಮತ್ತೆಲ್ಲೂ ಸಿಗಲ್ಲ.

ಸಾಫ್ಟ್‌ವೇರ್‌ಗೆ ದೊಡ್ಡ ಖರ್ಚಿಲ್ಲ. ರೆಕಾರ್ಡ್ ಮಾಡಿ ಎಡಿಟ್ ಮಾಡುವ ರೀಪರ್ 60 ದಿನ ಪುಕ್ಕಟೆ, ಆಮೇಲೆ 60 ಡಾಲರ್. ಸದ್ದನ್ನು ಗೇಮ್ ಒಳಗೆ ಕೂರಿಸುವುದಕ್ಕೆ ಎಫ್‌ಮಾಡ್ ಅಥವಾ ವೈಸ್ ಎಂಬ ಸಾಫ್ಟ್‌ವೇರ್ ಕಲಿಯಬೇಕು. ವೈಸ್ ಮಾಡುವ ಆಡಿಯೋಕೈನೆಟಿಕ್‌ನವರದೇ ಉಚಿತ ಪಾಠಗಳಿವೆ. ಇದನ್ನು ಮಾತ್ರ ಬಿಡಬೇಡಿ. ಒಳ್ಳೆಯ ಸದ್ದು ಮಾಡುವವರು ತುಂಬಾ ಜನ ಸಿಗುತ್ತಾರೆ, ಅದನ್ನು ಗೇಮ್ ಕಟ್ಟುವ ಸಾಫ್ಟ್‌ವೇರ್ ಆದ ಯೂನಿಟಿಯಲ್ಲಿ ಕೂರಿಸಿ ಓಡಿಸಿ ತೋರಿಸುವವರು ಕಡಿಮೆ. ಮಾಡಿದ್ದೆಲ್ಲ ಫೋನಿನ ಸ್ಪೀಕರ್‌ನಲ್ಲೂ ಕೇಳಿ ನೋಡಿ. 200 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಸದ್ದು ಅದರಲ್ಲಿ ಹೆಚ್ಚುಕಮ್ಮಿ ಕೇಳಿಸುವುದೇ ಇಲ್ಲ, ನೀವು ಪ್ರೀತಿಯಿಂದ ಮಾಡಿದ ಗುಡುಗು ಮಾಯವಾಗಿರುತ್ತದೆ.

ಕೆಲಸದ ವಿಷಯ. ಧ್ರುವ ಇಂಟರ್ಯಾಕ್ಟಿವ್ ಎಂಬ ಗೇಮ್ ಕಂಪನಿ 1997ರಲ್ಲೇ ಇಲ್ಲಿ ಶುರುವಾಯಿತು, 2019ರಲ್ಲಿ ಅದನ್ನು ಜಿಟಿಎ ಗೇಮ್ ಮಾಡುವ ರಾಕ್‌ಸ್ಟಾರ್ ಕೊಂಡುಕೊಂಡಿತು. ಮೊಬೈಲ್ ಗೇಮ್ ಮಾಡುವ ಜಿಂಗಾದ ಆಫೀಸೂ ಇದೆ. ಆದರೆ ನಾನು ನೋಡಿದ ಮಟ್ಟಿಗೆ ಚಿತ್ರ, ಕೋಡ್, ಟೆಸ್ಟಿಂಗ್‌ಗೆ ಜನ ಬೇಕಾದಷ್ಟು ಆಡಿಯೋಗೆ ಬೇಕಾಗಲ್ಲ. ಚಿಕ್ಕ ತಂಡಗಳಲ್ಲಿ ಒಬ್ಬರಿದ್ದರೆ ಅದೇ ಹೆಚ್ಚು. ನಾನು ಮೊದಲ ಎರಡು ವರ್ಷ ಮದುವೆ ವಿಡಿಯೋ ಎಡಿಟ್ ಮಾಡಿ ಬಾಡಿಗೆ ಕಟ್ಟಿದೆ. ನೀವೂ ಅಷ್ಟು ಸಮಯಕ್ಕೆ ಬೇರೆ ಆದಾಯ ನೋಡಿಕೊಂಡೇ ಇಳಿಯಿರಿ. ಜನರ ಪರಿಚಯಕ್ಕೆ ಪ್ರತಿ ಜನವರಿಯ ಗ್ಲೋಬಲ್ ಗೇಮ್ ಜಾಮ್ ಒಳ್ಳೆಯದು, ಜನ ತಂಡ ಕಟ್ಟಿಕೊಂಡು ಕೆಲವೇ ದಿನದಲ್ಲಿ ಒಂದು ಗೇಮ್ ಮಾಡುವ ಕೂಟ ಅದು. ಅಲ್ಲಿ ಕೋಡ್ ಮಾಡುವವರಿಗೆ ಸೌಂಡ್ ಮಾಡುವವರು ಸಿಗದೆ ಪರದಾಡುತ್ತಿರುತ್ತಾರೆ. ನನಗೆ ಮೊದಲ ಸಂಬಳದ ಕೆಲಸ ಕೊಡಿಸಿದ್ದು ಜಾಮ್‌ನಲ್ಲಿ ಪಕ್ಕ ಕೂತಿದ್ದ ಹುಡುಗಿ.

ಬಾಯಿಮಾತಿಗೆ ಕೆಲಸ ಮಾಡಬೇಡಿ. ಮೊದಲ ವರ್ಷ ಒಂದು ಚಿಕ್ಕ ಕಂಪನಿಗೆ 11 ಟ್ರ್ಯಾಕ್ ಮಾಡಿಕೊಟ್ಟೆ. ಗೇಮ್ ಬಂತು, ದುಡ್ಡು ಬರಲಿಲ್ಲ. ಕೇಳೋಣ ಅಂದರೆ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಎಷ್ಟು ನಿಮಿಷದ ಸಂಗೀತ, ಎಷ್ಟು ಸಲ ತಿದ್ದಿಕೊಡಬೇಕು, ದುಡ್ಡು ಯಾವಾಗ, ಹಕ್ಕು ಯಾರದು, ಇಷ್ಟು ಒಂದು ಇಮೇಲ್‌ನಲ್ಲಾದರೂ ಇರಲಿ. ಅರ್ಧ ಮುಂಗಡ ಕೇಳಲು ನಾಚಿಕೆ ಬೇಡ.

ವಯಲಿನ್ ಖಂಡಿತ ಉಪಯೋಗಕ್ಕೆ ಬರುತ್ತದೆ, ರಾಗಕ್ಕೆ ಮಾತ್ರ ಅಲ್ಲ. ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್ ಆಚೆ, ನಾವು ನುಡಿಸದ ಜಾಗದಲ್ಲಿ ಬಿಲ್ಲನ್ನು ಒತ್ತಿ ನಿಧಾನ ಎಳೆಯಿರಿ, ಹಳೇ ಬಾಗಿಲು ಕಿರುಗುಟ್ಟುತ್ತದೆ. ಅದನ್ನೇ ಎರಡು ಸ್ಥಾಯಿ ಕೆಳಗಿಳಿಸಿ ಕೇಳಿ. ನನ್ನ ಒಂದು ಗೇಮ್‌ನ ರಾಕ್ಷಸ ಉಸಿರಾಡುವುದು ಹಾಗೆಯೇ. ಇದಕ್ಕೆ ಹಳೇ ಬಿಲ್ಲು ಇಟ್ಟುಕೊಳ್ಳಿ, ಕೂದಲು ಕಿತ್ತು ಬರುತ್ತದೆ.