ಮೊದಲ ಆಲ್-ಗ್ರೇನ್ ಬಿಯರ್: 67 ಡಿಗ್ರಿ ಹಿಡಿದಿಡೋ ಪಾತ್ರೆ ಬೇಕಾ?

ಒಂದು ಗಂಟೆ ಪೂರ್ತಿ ಮ್ಯಾಶ್ (ಬಿಸಿನೀರಲ್ಲಿ ನೆನೆಯೋ ಒಡೆದ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 67 ಡಿಗ್ರಿಯಲ್ಲೇ ನಿಲ್ಲಬೇಕು, ಸಿದ್ಧ ಸಾರ ಬಳಸದೆ ಕಾಳಿನಿಂದಲೇ ಮಾಡೋ 4-5 ಲೀಟರಿನ ಮೊದಲ ಆಲ್-ಗ್ರೇನ್ ಬ್ಯಾಚ್‌ಗೆ ಎಲೆಕ್ಟ್ರಿಕ್ ಪಾತ್ರೆ ತಗೊಳ್ಳಲಾ, ಕೂಲರ್ ಡಬ್ಬ ತಗೊಳ್ಳಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ನನ್ನ ಮೊದಲ ಬ್ಯಾಚ್ ಕೆಟ್ಟಿದ್ದೇ ಈ 67ರ ಹಿಂದೆ ಬಿದ್ದು.

ಹತ್ತು ಲೀಟರಿನ ಸ್ಟೀಲ್ ಪಾತ್ರೆ, ಜಾಲರಿ ಬಟ್ಟೆಯ ಚೀಲ, ಒಂದು ಥರ್ಮಾಮೀಟರ್, ತರಿತರಿಯಾಗಿ ಒಡೆದ ಒಂದು ಕೆಜಿ ಪೇಲ್ ಮಾಲ್ಟ್. ನನ್ನ ಹತ್ತಿರ ಇದ್ದದ್ದು ಇಷ್ಟೇ, ಇಷ್ಟು ಸಾಕಾಗಿತ್ತು ಕೂಡ. ಮೂರು ಲೀಟರ್ ನೀರನ್ನು ಸರಿಯಾಗಿ 67ಕ್ಕೆ ಕಾಯಿಸಿ ಮಾಲ್ಟ್ ಸುರಿದೆ. ಮಾಲ್ಟ್ ತಣ್ಣಗಿರುತ್ತೆ, ನೀರಿನ ಬಿಸಿಯನ್ನು ಅದು ಎಳೆದುಕೊಳ್ಳುತ್ತೆ ಅನ್ನೋದು ಹೊಳೆದಿರಲಿಲ್ಲ. ಥರ್ಮಾಮೀಟರ್ 62ಕ್ಕಿಂತ ಕೆಳಗೆ ಬಂತು. ಗಾಬರಿಯಾಗಿ ಒಲೆ ಹಚ್ಚಿದೆ.

ಮುಂದೆ ನಡೆದದ್ದನ್ನು ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಇದನ್ನೇ ಮಾಡೋ ಸಾಧ್ಯತೆ ಜಾಸ್ತಿ. ಮ್ಯಾಶ್ ಗಟ್ಟಿಯಾಗಿತ್ತು. ಗಟ್ಟಿ ಮ್ಯಾಶ್‌ನಲ್ಲಿ ಬಿಸಿ ಬೇಗ ಹರಡುವುದಿಲ್ಲ. ಚೀಲ ತಳಕ್ಕೆ ಅಂಟಿಕೊಂಡು ಕೂತಿತ್ತು. ನಾನು ಥರ್ಮಾಮೀಟರ್ ಇಟ್ಟದ್ದು ಮೇಲ್ಭಾಗದಲ್ಲಿ. ಮೇಲೆ 62, 63, 64 ಅಂತ ನಿಧಾನವಾಗಿ ಏರುತ್ತಿತ್ತು. ಇನ್ನೂ ಸಾಲದು ಅಂತ ಉರಿ ಜಾಸ್ತಿ ಮಾಡಿದೆ. ಆಮೇಲೆ ಸೌಟು ಹಾಕಿ ತಿರುಗಿಸಿದರೆ ಇಡೀ ಪಾತ್ರೆ 80 ತೋರಿಸಿತು. ತಕ್ಷಣ ತಣ್ಣೀರು ಸುರಿದು 67ಕ್ಕೆ ಇಳಿಸಿದೆ. ಅಂಕಿ ಸರಿಯಾಯ್ತು, ಇನ್ನು ತೊಂದರೆ ಇಲ್ಲ ಅಂದುಕೊಂಡೆ.

ತೊಂದರೆ ಆಗಿಹೋಗಿತ್ತು. ಮಾಲ್ಟ್‌ನಲ್ಲಿರೋ ಪಿಷ್ಟವನ್ನು ಸಕ್ಕರೆ ಮಾಡುವುದು ಎರಡು ಕಿಣ್ವಗಳು. ಬೀಟಾ ಅಮೈಲೇಸ್ 60ರಿಂದ 65ರ ನಡುವೆ ಚೆನ್ನಾಗಿ ಕೆಲಸ ಮಾಡುತ್ತೆ, 70 ದಾಟಿದರೆ ಬೇಗ ಹಾಳಾಗುತ್ತೆ. ಆಲ್ಫಾ ಅಮೈಲೇಸ್ ಸ್ವಲ್ಪ ಗಟ್ಟಿ, ಅದಕ್ಕೆ 70ರ ಆಸುಪಾಸು ಇಷ್ಟ. ಆದರೆ 80ರಲ್ಲಿ ಅದೂ ಹೆಚ್ಚು ಹೊತ್ತು ಉಳಿಯುವುದಿಲ್ಲ. ಹಾಳಾದ ಕಿಣ್ವ ನೀರು ತಣ್ಣಗಾದರೆ ವಾಪಸ್ ಬರುವುದಿಲ್ಲ. ನನ್ನ ಪಾತ್ರೆಯಲ್ಲಿ ಬೇಕಾದ ಬಿಸಿ ಇತ್ತು, ಕೆಲಸ ಮಾಡುವವರು ಇರಲಿಲ್ಲ. ಬಿಳಿ ತಟ್ಟೆಯ ಮೇಲೆ ಒಂದು ಹನಿ ರಸಕ್ಕೆ ಅಯೋಡಿನ್ ಬಿಟ್ಟು ನೋಡಿದೆ. ಕಡುನೀಲಿ. ಅಂದರೆ ಪಿಷ್ಟ ಹಾಗೇ ಉಳಿದಿದೆ. ಒಂದು ಗಂಟೆ ಕಾದರೂ ಅದೇ ಬಣ್ಣ.

ಆದರೂ ಕುದಿಸಿ ಯೀಸ್ಟ್ ಹಾಕಿದೆ. ರಸದ ಸಾಂದ್ರತೆ ಅಳೆಯೋ ಹೈಡ್ರೋಮೀಟರ್ (ಸಕ್ಕರೆ ಹುದುಗಿದಷ್ಟೂ ಅದರ ಅಂಕಿ ಇಳಿಯುತ್ತೆ) 1.024ಕ್ಕೆ ಬಂದು ನಿಂತುಬಿಟ್ಟಿತು. ಹೊಸ ಯೀಸ್ಟ್ ಹಾಕಿದೆ, ಬೆಚ್ಚಗಿನ ಜಾಗಕ್ಕೆ ಸರಿಸಿದೆ, ಒಂದು ಚುಕ್ಕೆಯೂ ಇಳಿಯಲಿಲ್ಲ. ಬಿಯರ್ ಯೀಸ್ಟ್‌ಗೆ ಪಿಷ್ಟ ತಿನ್ನಲು ಬರುವುದಿಲ್ಲ, ಪಿಷ್ಟ ಅರೆಬರೆ ಒಡೆದು ಉಳಿಯೋ ಉದ್ದನೆಯ ಡೆಕ್ಸ್‌ಟ್ರಿನ್‌ಗಳೂ ದಕ್ಕುವುದಿಲ್ಲ. ಎಷ್ಟು ಯೀಸ್ಟ್ ಸುರಿದರೂ ಅಷ್ಟೇ. ಮಂಕಾದ, ಬಾಯಲ್ಲಿ ಅಂಟೋ ಬಿಯರ್ ಅದು. ಪೂರ್ತಿ ಚೆಲ್ಲಿದೆ.

ಈಗ ಮುಖ್ಯವಾದ ಮಾತು. ಅವತ್ತು ಒಲೆ ಮುಟ್ಟದೆ 62ರಲ್ಲೇ ಬಿಟ್ಟಿದ್ದರೆ ಅದು ಒಳ್ಳೆಯ ಬಿಯರ್ ಆಗುತ್ತಿತ್ತು! ಕಡಿಮೆ ಬಿಸಿಯಲ್ಲಿ ಬೀಟಾ ಅಮೈಲೇಸ್ ಜಾಸ್ತಿ ಹೊತ್ತು ಬದುಕುತ್ತೆ, ಯೀಸ್ಟ್ ತಿನ್ನಬಲ್ಲ ಸಕ್ಕರೆ ಜಾಸ್ತಿ ಆಗುತ್ತೆ, ಬಿಯರ್ ಸಿಹಿ ಕಡಿಮೆಯಾಗಿ ಹಗುರವಾಗಿರುತ್ತೆ. ಗಂಟೆಯ ಬದಲು ಒಂದೂವರೆ ಗಂಟೆ ಕಾಯಬೇಕಾಗುತ್ತಿತ್ತು, ಅಷ್ಟೇ. ಮ್ಯಾಶ್ ಸ್ವಲ್ಪ ತಣ್ಣಗಾದರೆ ರುಚಿ ಬದಲಾಗುತ್ತೆ. ಸಿಕ್ಕಾಪಟ್ಟೆ ಬಿಸಿಯಾದರೆ ಬಿಯರೇ ಆಗುವುದಿಲ್ಲ. ಹಾಗಾಗಿ 'ಗಂಟೆ ಪೂರ್ತಿ 67' ಅನ್ನೋ ಹಟವನ್ನೇ ನಾನು ಒಪ್ಪುವುದಿಲ್ಲ. ಇವತ್ತಿನ ಮಾಲ್ಟ್‌ನಲ್ಲಿ ಹೆಚ್ಚಿನ ಪಿಷ್ಟ ಮೊದಲ ಅರ್ಧ ಗಂಟೆಯಲ್ಲೇ ಸಕ್ಕರೆಯಾಗಿರುತ್ತೆ. ಆಮೇಲೆ ಮೂರು-ನಾಲ್ಕು ಡಿಗ್ರಿ ಇಳಿದರೆ ಏನೂ ಹೋಗುವುದಿಲ್ಲ.

ನೀವು ಹೀಗೆ ಮಾಡಿ. ಒಂದು ಕೆಜಿ ಮಾಲ್ಟ್‌ಗೆ ಏಳೂವರೆ ಲೀಟರ್ ನೀರು, ಅಷ್ಟೂ ನೀರನ್ನು ಮೊದಲೇ ಹಾಕಿ. ಆಮೇಲೆ ಮತ್ತೆ ಬಿಸಿನೀರು ಸುರಿದು ಮಾಲ್ಟ್‌ನಲ್ಲಿ ಉಳಿದ ಸಕ್ಕರೆ ತೊಳೆಯುವ ಗೋಜು ಬೇಡ. ನೀರು ಜಾಸ್ತಿ ಇದ್ದಷ್ಟೂ ಮಾಲ್ಟ್ ಎಳೆದುಕೊಳ್ಳೋ ಬಿಸಿ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಹಾಗೆ ಮೂರು ಲೀಟರ್ ಆದರೆ ನೀರು 73 ಇರಬೇಕು, ಏಳೂವರೆ ಲೀಟರ್ ಆದರೆ 70 ಸಾಕು. ಒಲೆ ಆರಿಸಿ. ಆರಿಸಿದ ಮೇಲೆ ಚೀಲ ಇಳಿಸಿ ಅದರೊಳಗೆ ಮಾಲ್ಟ್ ಹಾಕಿ, ಗಂಟು ಕಟ್ಟದ ಹಾಗೆ ತಿರುಗಿಸಿ, ಮೇಲೆ-ಕೆಳಗೆ-ನಡುವೆ ಮೂರು ಕಡೆ ಅಳೆಯಿರಿ. 64ರಿಂದ 68ರ ಒಳಗೆ ಎಲ್ಲಿದ್ದರೂ ಮುಚ್ಚಳ ಮುಚ್ಚಿ ದಪ್ಪ ಕಂಬಳಿ ಸುತ್ತಿಬಿಡಿ. ತೀರಾ ಕಡಿಮೆ ಅನ್ನಿಸಿದರೆ ಒಂದು ಲೋಟ ಕುದಿಯೋ ನೀರು ಹಾಕಿ ತಿರುಗಿಸಿ. ಒಲೆ ಮಾತ್ರ ಮತ್ತೆ ಹಚ್ಚಬೇಡಿ. ಅಕಸ್ಮಾತ್ ಬಿಸಿ ಏರಿಯೇಬಿಟ್ಟರೆ 67ಕ್ಕೆ ಇಳಿಸಿ, ಹೊಸದಾಗಿ ಒಡೆದ ಒಂದೆರಡು ಹಿಡಿ ಪೇಲ್ ಮಾಲ್ಟ್ ಸೇರಿಸಿ ಇನ್ನೊಂದು ಗಂಟೆ ಬಿಡಿ. ಅದರಲ್ಲಿ ಜೀವಂತ ಕಿಣ್ವ ಇರುತ್ತೆ. ಈ ಉಪಾಯ ನನಗೆ ಗೊತ್ತಾಗಿದ್ದು ಚೆಲ್ಲಿದ ಮೇಲೆ.

ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಚಮಚ ರುಚಿ ನೋಡಿ. ಸಪ್ಪೆ ಹಿಟ್ಟಿನ ನೀರು ನಿಮ್ಮ ಕಣ್ಣೆದುರೇ ಸಿಹಿಯಾಗುತ್ತೆ. ಮೊದಲು ಎಕ್ಸ್‌ಟ್ರಾಕ್ಟ್‌ನಲ್ಲಿ (ಸಿದ್ಧವಾಗಿ ಸಿಗೋ ಮಾಲ್ಟ್ ಸಾರದಲ್ಲಿ) ಕೈ ಪಳಗಿಸಿಕೊಳ್ಳಿ ಅಂತ ಕೆಲವರು ಹೇಳಬಹುದು. ಕೇಳಬೇಡಿ. ಈ ಒಂದು ಗಂಟೆಗಾಗಿಯೇ ಅಲ್ವಾ ಆಲ್-ಗ್ರೇನ್ ಮಾಡುವುದು?

ಉಳಿದದ್ದು ಸುಲಭ. ಚೀಲ ಎತ್ತಿ ಹಿಂಡಿ, ಒಂದು ಗಂಟೆ ಕುದಿಸಿ. ಎರಡು ಲೀಟರಿನಷ್ಟು ಆವಿಯಾಗುತ್ತೆ, ಅದಕ್ಕೇ ಅಷ್ಟು ನೀರು. ಕುದಿ ಶುರುವಾದಾಗ ಪಕ್ಕದಲ್ಲೇ ಇರಿ, ನೊರೆ ಉಕ್ಕುತ್ತೆ. ಆಗ ಏಳೆಂಟು ಗ್ರಾಂ ಕ್ಯಾಸ್ಕೇಡ್ ತಳಿಯ ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡೋ ಹೂವು), ಕೊನೆಯ ಐದು ನಿಮಿಷಕ್ಕೆ ಮತ್ತೆ ಅಷ್ಟೇ. ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು 20 ಡಿಗ್ರಿಗೆ ತಣಿಸಿ. ಇಲ್ಲಿಂದ ಮುಂದೆ ಬಿಯರ್ ಮುಟ್ಟೋ ಪ್ರತಿ ವಸ್ತುವೂ ಸ್ಯಾನಿಟೈಜ್ ಆಗಿರಬೇಕು. ಏಲ್ ಯೀಸ್ಟ್ ಪೂರ್ತಿ ಪೊಟ್ಟಣ ಬೇಡ, ಅದು ಇಪ್ಪತ್ತು ಲೀಟರಿಗೆ ಮಾಡಿದ್ದು. ಮೂರು-ನಾಲ್ಕು ಗ್ರಾಂ ಸಾಕು. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಮ್ಯಾಶ್ ಪಾತ್ರೆಗಲ್ಲ, ಹುದುಗೋ ದಿನಗಳಲ್ಲಿ 18-20 ಡಿಗ್ರಿ ಉಳಿಸಿಕೊಳ್ಳಲು ಖರ್ಚು ಮಾಡಿ.

ಹೈಡ್ರೋಮೀಟರ್ ಮಾತ್ರ ತಪ್ಪದೆ ತಗೊಳ್ಳಿ. ಶುರುವಿಗೆ 1.045-1.050, ಕೊನೆಗೆ 1.010ರ ಆಸುಪಾಸು ಬರಬೇಕು. ಮೂರು ದಿನ ಬಿಟ್ಟು ಅಳೆದರೂ ಅದೇ ಅಂಕಿ ಇದ್ದರೆ ಮಾತ್ರ ಲೀಟರಿಗೆ ಆರು ಗ್ರಾಂ ಸಕ್ಕರೆ ಹಾಕಿ ಬಾಟಲಿಗೆ ತುಂಬಿ. 1.020ರ ಮೇಲೆ ನಿಂತಿದ್ದರೆ ಗಾಜಿನ ಬಾಟಲಿಗೆ ತುಂಬಲೇಬೇಡಿ. ಒಳಗೆ ಮತ್ತೆ ಹುದುಗಲು ಶುರುವಾದರೆ ಬಾಟಲಿ ಒಡೆದು ಕೈ, ಕಣ್ಣಿಗೆ ಏಟಾಗುತ್ತೆ.