ಮಲಗಿದ ಕೂಡಲೇ ಚಿಂತೆ ಶುರು. ಪ್ರಾರ್ಥನೆ ಹೇಗೆ ಮಾಡಲಿ?

ಲೈಟ್ ಆರಿಸಿದ ಕೂಡಲೇ ಚಿಂತೆ ಮುತ್ತುತ್ತದೆ, ಪ್ರಾರ್ಥಿಸಿದರೂ ನಿಲ್ಲುವುದಿಲ್ಲ, ನನಗೆ ವಿಶ್ವಾಸವೇ ಕಡಿಮೆಯಾ ಅಂತ ಕೇಳಿದ್ದೀರಿ.

ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಖಂಡಿತ ಅಲ್ಲ. ಮಂಗಳವಾರ, ಶುಕ್ರವಾರ ಜಪಮಾಲೆಯಲ್ಲಿ ದುಃಖದ ರಹಸ್ಯಗಳನ್ನು, ಅಂದರೆ ಯೇಸುವಿನ ಯಾತನೆಯ ಐದು ಘಟನೆಗಳನ್ನು ಧ್ಯಾನಿಸುತ್ತೇವಲ್ಲ, ಮೊದಲನೆಯದೇ ಅವರು ಸೆರೆಯಾದ ರಾತ್ರಿಯ ಗೆತ್ಸೆಮನೆ ತೋಟ. ಯೇಸು ಸ್ವಾಮಿಯೇ ಅಲ್ಲಿ ಕಳವಳದಿಂದ ಬೆವರಿದರು. ಈ ಯಾತನೆಯ ಪಾತ್ರೆ ನನ್ನಿಂದ ದೂರವಾಗಲಿ ಅಂತ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿ ಬೇಡಿದರು. ಆ ರಾತ್ರಿ ನಿದ್ದೆ ಹೋದದ್ದು ಶಿಷ್ಯರು. ಹಾಗಿರುವಾಗ ನಿದ್ದೆ ಬರಲಿಲ್ಲ ಅಂತ ವಿಶ್ವಾಸವನ್ನು ಅಳೆಯುವುದು ಯಾಕೆ?

ನಮ್ಮದು ಮಂಗಳೂರಿನ ಬೊಂದೇಲ್ ಕಡೆಯ ಕೊಂಕಣಿ ಮನೆ. ಚಿಕ್ಕಂದಿನಲ್ಲಿ ಸಂಜೆ ಪ್ರಾರ್ಥನೆಗೆ ಕರೆಯುವ ಇಗರ್ಜಿಯ (ಚರ್ಚಿನ) ಆಮೊರಿ ಗಂಟೆ ಕೇಳಿದರೆ ಆಟ ಬಂದ್. ಕೈಕಾಲು ತೊಳೆದು ಜಪಮಾಲೆ ಪ್ರಾರ್ಥನೆಯಾದ ತೇರ್ಸ್‌ಗೆ ಕೂರಬೇಕು. ಹತ್ತು ಹತ್ತು ಮಣಿಗಳ ಐದು ಸುತ್ತು ಮುಗಿದರೂ ಅಜ್ಜಿ ಬಿಡುತ್ತಿರಲಿಲ್ಲ. ಮಸ್ಕತ್‌ನಲ್ಲಿರುವ ಮಾಮನಿಗೆ ಒಂದು 'ಆಮ್ಚ್ಯಾ ಬಾಪಾ' (ಪರಲೋಕ ಪ್ರಾರ್ಥನೆ), ಪಕ್ಕದ ಮನೆಯ ಬಸುರಿಗೆ ಒಂದು, ಹಾಲು ಬತ್ತಿದ ದನಕ್ಕೆ ಒಂದು. ಇನ್ನೆಷ್ಟಪ್ಪಾ ಅಂತ ನಾವು ಬೆರಳು ಎಣಿಸುತ್ತಿದ್ದೆವು. ಎಲ್ಲ ಮುಗಿದ ಮೇಲೆ ಹಿರಿಯರ ಹತ್ತಿರ ಬೆಸಾಂವ್ (ಆಶೀರ್ವಾದ) ಬೇಡಿ ಗಂಜಿ ಊಟ. ಅಜ್ಜಿ ಮಲಗಿದ ಐದೇ ನಿಮಿಷಕ್ಕೆ ಗೊರಕೆ!

ಅಜ್ಜಿಗೆ ಹಾಗೆ ನಿದ್ದೆ ಬರುತ್ತಿದ್ದುದು ಯಾಕೆ ಅಂತ ನನಗೆ ಅರ್ಥವಾಗಿದ್ದು ಮೂವತ್ತೆಂಟನೇ ವಯಸ್ಸಿನಲ್ಲಿ, ನನ್ನ ಗಂಡನ ಗಲ್ಫ್ ಕೆಲಸ ಹೋದ ವರ್ಷ. ಮನೆ ಸಾಲ, ಮಗಳ ಫೀಸು. ರಾತ್ರಿ ಎರಡು ಗಂಟೆಗೆ ಹಂಚಿನ ಮೇಲೆ ಮಳೆ ಸುರಿಯುತ್ತಿದ್ದರೆ ನಾನು ಮನಸ್ಸಲ್ಲೇ ಲೆಕ್ಕ ಹಾಕುತ್ತಾ ಮಲಗಿರುತ್ತಿದ್ದೆ. 'ದೇವರೇ ಎಲ್ಲ ಸರಿ ಮಾಡು' ಅನ್ನುತ್ತಿದ್ದೆ. ಈ 'ಎಲ್ಲ' ಅನ್ನುವುದೇ ಎಡವಟ್ಟು. ಅದಕ್ಕೆ ಬುಡವೂ ಇಲ್ಲ, ತುದಿಯೂ ಇಲ್ಲ. ಅಜ್ಜಿ ಯಾವತ್ತೂ 'ಎಲ್ಲ' ಅಂದವರಲ್ಲ. ಒಂದು ಚಿಂತೆಗೆ ಒಂದು ಹೆಸರು, ಒಂದು ಪ್ರಾರ್ಥನೆ, ಆಮೇಲೆ ಮುಂದಿನದು.

ಈಗ ನಾನೂ ಹಾಗೇ ಮಾಡುತ್ತೇನೆ. ಹಾಸಿಗೆಯಲ್ಲಿ ಅಲ್ಲ, ಅದಕ್ಕೆ ಮೊದಲು, ಮನೆಯ ಅಲ್ತಾರಿನ (ದೇವರ ಪೀಠದ) ಮುಂದೆ ಕೂತು. 'ಈ ತಿಂಗಳ ಕಂತು' ಅಂತ ಬಾಯಿಬಿಟ್ಟು ಹೇಳಿ ಒಂದು ಪರಲೋಕ ಪ್ರಾರ್ಥನೆ. 'ಮಗಳ ಕೆಮ್ಮು', ಇನ್ನೊಂದು. ನಾಲ್ಕೈದು ಸಾಕು. ಮೊಬೈಲ್ ಊಟದ ಮೇಜಿನ ಮೇಲೇ ಇರುತ್ತದೆ.

ಮಲಗಿದ ಮೇಲೆ ಹೊಸದಾಗಿ ಏನನ್ನೂ ಬೇಡುವುದಿಲ್ಲ. 121ನೇ ಕೀರ್ತನೆಯಲ್ಲಿ ಒಂದು ಮಾತಿದೆ: ಇಸ್ರಾಯೇಲನ್ನು ಕಾಯುವವನು ತೂಕಡಿಸುವುದಿಲ್ಲ, ನಿದ್ರಿಸುವುದೂ ಇಲ್ಲ. ಕಾವಲಿಗೆ ಒಬ್ಬರು ಎದ್ದಿರುವಾಗ ನಾನೂ ಯಾಕೆ ಎಚ್ಚರ ಇರಬೇಕು ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆಮೇಲೆ ಉಸಿರು ಎಳೆಯುವಾಗ 'ಯೇಸುವೇ', ಬಿಡುವಾಗ 'ನಿಮ್ಮ ಕೈಗೆ'. ಬಿಡುವ ಉಸಿರು ಸ್ವಲ್ಪ ಉದ್ದ ಇರಲಿ, ಎದೆ ಬಡಿತ ನಿಧಾನವಾಗುತ್ತದೆ. ಪೂರ್ವದ ಕ್ರೈಸ್ತ ಸಭೆಗಳಲ್ಲಿ ಹೀಗೆ ಉಸಿರಿನ ಜೊತೆ ಯೇಸುವಿನ ಹೆಸರು ಹೇಳುವುದು ಬಹಳ ಹಳೆಯ ರೂಢಿ. ಮನಸ್ಸು ಮತ್ತೆ ಕಂತಿನ ಕಡೆ ಓಡುತ್ತದೆ, ಓಡಲಿ. 'ಅದನ್ನು ಆಗಲೇ ಕೊಟ್ಟಾಯ್ತಲ್ಲ' ಅಂದು ವಾಪಸ್ ಬರುತ್ತೇನೆ. ಕೆಲವು ರಾತ್ರಿ ಇಪ್ಪತ್ತು ಸಲ ವಾಪಸ್ ಬರಬೇಕಾಗುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಎರಡು ಮೂರು ವಾರ ಹೀಗೇ ಇದ್ದು ಹಗಲಿನ ಕೆಲಸವೂ ಕೆಡುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. 'ಪ್ರಾರ್ಥನೆ ಜಾಸ್ತಿ ಮಾಡು, ಡಾಕ್ಟರ್ ಯಾಕೆ' ಅಂತ ನನಗೂ ಒಬ್ಬರು ಹೇಳಿದ್ದರು. ನಾನು ಕೇಳಲಿಲ್ಲ. ನಾಲ್ಕು ತಿಂಗಳು ಮಾತ್ರೆ ತಗೊಂಡೆ, ತೇರ್ಸನ್ನೂ ಬಿಡಲಿಲ್ಲ.

ಪ್ರಾರ್ಥನೆಯ ನಡುವೆಯೇ ನಿದ್ದೆ ಹೋದರೆ ತಪ್ಪಾಗುತ್ತಾ ಅಂತ ಹೆದರಬೇಡಿ. 1897ರಲ್ಲಿ, 24ನೇ ವಯಸ್ಸಿನಲ್ಲಿ ತೀರಿಕೊಂಡ ಫ್ರಾನ್ಸಿನ ಕನ್ಯಾಸ್ತ್ರೀ, ಲಿಸ್ಯೂವಿನ ಸಂತ ತೆರೇಸಾ ಪ್ರಾರ್ಥನೆಯ ಹೊತ್ತಲ್ಲೇ ತೂಕಡಿಸುತ್ತಿದ್ದರಂತೆ. ಮಲಗಿರುವ ಮಗುವೂ ಅಪ್ಪ ಅಮ್ಮನಿಗೆ ಇಷ್ಟವೇ ಅಲ್ವಾ ಅನ್ನುವ ಅರ್ಥದಲ್ಲಿ ಅವರೇ ಬರೆದುಕೊಂಡಿದ್ದಾರೆ. ನನ್ನ ಜಪಮಾಲೆ ಹೆಚ್ಚಿನ ದಿನ ಬೆಳಿಗ್ಗೆ ಮಂಚದ ಕೆಳಗೆ ಸಿಗುತ್ತದೆ. ಎಷ್ಟನೇ ಮಣಿಗೆ ಕೈ ಬಿಟ್ಟೆನೋ, ನೆನಪೇ ಇರುವುದಿಲ್ಲ.