ಓದುಗರ ಪ್ರಶ್ನೆ: ಹಾಸ್ಟೆಲಿಗೆ ಬಂದ ಸ್ನೋವೈಟ್

ಪ್ರಶ್ನೆ: ಕಾಲೇಜ್ ಡೇಗೆ ಹದಿನೈದು ನಿಮಿಷದ ಸ್ಕಿಟ್. ಸ್ನೋವೈಟ್ ಕಥೆಯನ್ನೇ ಹಾಸ್ಟೆಲಿಗೆ ತಂದಿದ್ದೇವೆ. ಕನ್ನಡಿಯನ್ನು ಮೊಬೈಲ್ ಮಾಡಿದೆವು, ಸೇಬನ್ನು ಸಮೋಸ ಮಾಡಿದೆವು. ಆದರೂ ಯಾರಿಗೂ ನಗು ಬರುತ್ತಿಲ್ಲ. ಏಕೆ?
— ಬಿ.ಕಾಂ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ವಸ್ತು ಬದಲಾಯಿತು, ಅದರ ಕೆಲಸ ಕೈಬಿಟ್ಟುಹೋಯಿತು. ಚೆಲುವಿನಲ್ಲಿ ರಾಣಿಗೆ ಅವಳ ರ್‍ಯಾಂಕ್ ಹೇಳುವುದೇ ಕನ್ನಡಿಯ ಕೆಲಸ. 2007ರ ಅಮೆರಿಕನ್ ಚಿತ್ರ ‘ಸಿಡ್ನಿ ವೈಟ್’ ಇದನ್ನು ಸರಿಯಾಗಿ ಹಿಡಿದಿತ್ತು. ಅಲ್ಲಿ ಕನ್ನಡಿ ಎಂದರೆ ಕ್ಯಾಂಪಸ್ಸಿನ ಹುಡುಗಿಯರಿಗೆ ರ್‍ಯಾಂಕ್ ಕೊಡುವ ವೆಬ್ ಪುಟ. ಸೇಬು ಎಂದರೆ ಆ್ಯಪಲ್ ಕಂಪ್ಯೂಟರ್, ವಿಷ ಎಂದರೆ ವೈರಸ್.

ಸಮೋಸ ಸೋತದ್ದೂ ಇದಕ್ಕೇ. ಸ್ನೋವೈಟ್ ಕಥೆಯನ್ನು ಪ್ರಕಟಿಸಿದ ಜರ್ಮನಿಯ ಗ್ರಿಮ್ ಸಹೋದರರ ಪುಸ್ತಕದಲ್ಲಿ ಸೇಬಿನ ಕೆಂಪು ಭಾಗಕ್ಕಷ್ಟೇ ವಿಷ. ಬಿಳಿ ಭಾಗವನ್ನು ರಾಣಿ ತಾನೇ ತಿಂದು ನಂಬಿಸುತ್ತಾಳೆ. ಆ ನಂಬಿಸುವ ಆಟವೇ ದೃಶ್ಯ. ನಿಮ್ಮಲ್ಲಿ ರಾಣಿಯಾಗುವ ಸೀನಿಯರ್ ಕೈಗೆ ‘ಇಂಪಾರ್ಟೆಂಟ್ ಕ್ವೆಶ್ಚನ್ಸ್’ನ ಎರಡು ಜೆರಾಕ್ಸ್ ಸೆಟ್ ಕೊಡಿ. ಮೊದಲ ಹಾಳೆ ಎರಡರಲ್ಲೂ ಒಂದೇ. ಕೆಂಪು ಫೈಲಿನಲ್ಲಿರುವುದಕ್ಕೆ ಮಾತ್ರ ಎರಡನೇ ಹಾಳೆಯಿಂದ ಹಳೇ ಸಿಲಬಸ್! ಅವಳು ತನ್ನ ಸೆಟ್‌ನ ಮೊದಲ ಪ್ರಶ್ನೆ ಗಟ್ಟಿಯಾಗಿ ಓದಿ, “ನೋಡೇ, ನಾನೂ ಇದನ್ನೇ ಓದ್ತಿರೋದು” ಅನ್ನಬೇಕು. ಯಾವ ಫೈಲಿನಲ್ಲಿ ಏನಿದೆ ಎಂದು ಪ್ರೇಕ್ಷಕರಿಗೆ ಮೊದಲೇ ಗೊತ್ತಿರಲಿ. ಗೊತ್ತಿಲ್ಲದಿದ್ದರೆ ಸಸ್ಪೆನ್ಸ್ ಆದೀತು, ಕಾಮಿಡಿ ಆಗದು.

ಸೇಬಿಗೂ ಮುಂಚೆ ರಾಣಿ ಎರಡು ಸಲ ಸೋಲುತ್ತಾಳೆ: ಒಮ್ಮೆ ಉಸಿರುಗಟ್ಟುವಂತೆ ಬಿಗಿದ ರವಿಕೆಯ ಲಾಡಿ, ಇನ್ನೊಮ್ಮೆ ವಿಷದ ಬಾಚಣಿಗೆ. ಅವೆರಡಕ್ಕೆ ತಲಾ ಒಂದು ನಿಮಿಷ ಸಾಕು, ಜೆರಾಕ್ಸಿಗೆ ನಾಲ್ಕು ಕೊಡಿ.

ಪ್ರಶ್ನೆ: ಏಳು ಕುಳ್ಳರಿಗೆ ಮಾತು ಹಂಚುವುದು ಹೇಗೆ? ನಮಗಿರುವುದು ಎರಡೇ ಮೈಕ್.
— ನಾಟಕ ತಂಡ, ಶಿವಮೊಗ್ಗ

ಉತ್ತರ: ಗ್ರಿಮ್ ಆಗಲೇ ಹಂಚಿಟ್ಟಿದ್ದಾರೆ. ಮನೆಗೆ ಬಂದ ಏಳೂ ಜನ ಸರದಿಯಲ್ಲಿ ಕೇಳುತ್ತಾರೆ: ನನ್ನ ಕುರ್ಚಿಯಲ್ಲಿ ಕೂತವರಾರು, ತಟ್ಟೆ ಮುಟ್ಟಿದವರಾರು, ಆಮೇಲೆ ಬ್ರೆಡ್, ತರಕಾರಿ, ಫೋರ್ಕ್, ಚಾಕು, ಲೋಟ. ನಿಮ್ಮಲ್ಲಿ ಇದು ಚಾರ್ಜರ್, ಬಕೆಟ್, ಉಪ್ಪಿನಕಾಯಿ ಬಾಟಲಿ ಆಗಲಿ. ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು ಒಂದೇ ಸಾಲು ಹೇಳಿ ಸರಿಯಲಿ; ಸಾಲಾಗಿ ನಿಲ್ಲಿಸಿದರೆ ತುದಿಯಲ್ಲಿರುವವರ ಮಾತು ಯಾರಿಗೂ ಕೇಳದು. ಆರು ಸಾಲು ಒಂದೇ ಧಾಟಿಯಲ್ಲಿದ್ದು ಏಳನೆಯದು ತಪ್ಪಬೇಕು: “ನನ್ನ ಅಸೈನ್‌ಮೆಂಟ್ ಬರೆದಿಟ್ಟೋರು ಯಾರ್ರೋ?” ಮುಂದೆ ಕಥೆ ನಡೆಸಲು ಮೂವರೇ ಸಾಕು, ಉಳಿದವರು ಹಿಂದೆ ಏನಾದರೂ ಮಾಡುತ್ತಿರಲಿ. ಎತ್ತರದ ಜೋಕ್ ಬೇಡವೇ ಬೇಡ. ಒಬ್ಬೊಬ್ಬರಿಗೆ ಒಂದೊಂದು ಚಾಳಿ ಕೊಡಿ.

ಪ್ರಶ್ನೆ: ಕೊನೆಯ ಮುತ್ತಿನ ದೃಶ್ಯಕ್ಕೆ ಪ್ರಿನ್ಸಿಪಾಲರು ಒಪ್ಪುತ್ತಿಲ್ಲ.
— ಓದುಗ, ಮಂಡ್ಯ

ಉತ್ತರ: ಒಪ್ಪಿಸುವ ಕಷ್ಟವೇ ಬೇಡ. ಮುತ್ತು ಗ್ರಿಮ್ ಕಥೆಯಲ್ಲಿಲ್ಲ. ಡಿಸ್ನಿಯ 1937ರ ಚಿತ್ರದಿಂದ ಎಲ್ಲರ ತಲೆಯಲ್ಲಿ ಕೂತಿದೆ. ಗ್ರಿಮ್‌ನಲ್ಲಿ ರಾಜಕುಮಾರನ ಸೇವಕರು ಸ್ನೋವೈಟ್ ಮಲಗಿರುವ ಶವಪೆಟ್ಟಿಗೆ ಹೊತ್ತು ಹೋಗುವಾಗ ಪೊದೆಗೆ ಎಡವುತ್ತಾರೆ, ಆ ಕುಲುಕಿಗೆ ಗಂಟಲಲ್ಲಿದ್ದ ಸೇಬಿನ ಚೂರು ಹೊರಬೀಳುತ್ತದೆ. ನಿಮ್ಮ ಸ್ನೋವೈಟ್ ಲೈಬ್ರರಿ ಮೇಜಿನ ಮೇಲೆ ತಲೆಯಿಟ್ಟು ಮಲಗಿರಲಿ, ಪ್ರಿನ್ಸ್ ಪುಸ್ತಕದ ಟ್ರಾಲಿ ತಳ್ಳಿಕೊಂಡು ಬಂದು ಮೇಜಿಗೆ ಗುದ್ದಲಿ. ಟ್ರಾಲಿಗೆ ಖಾಲಿ ರಟ್ಟಿನ ಡಬ್ಬಿ ತುಂಬಿ. ನಿಜವಾದ ಪುಸ್ತಕ ತುಂಬಿದರೆ ವೇದಿಕೆಯ ಮೇಲೆ ಬೇಕೆಂದ ಕಡೆ ನಿಲ್ಲದು.

ಪ್ರಶ್ನೆ: ಡಿಸ್ನಿ ಕುಳ್ಳರ ಹೆಸರು ಬಳಸಬಹುದೇ?
— ಓದುಗಿ, ಕಾಸರಗೋಡು

ಉತ್ತರ: ಬೇಡ. ಗ್ರಿಮ್ ಕಥೆ 1812ರದು, ಯಾರು ಬೇಕಾದರೂ ಬಳಸಬಹುದು; ಅದರಲ್ಲಿ ಕುಳ್ಳರಿಗೆ ಹೆಸರೇ ಇಲ್ಲ. ನಿಮ್ಮ ಹಾಸ್ಟೆಲಿನ ಅಡ್ಡಹೆಸರುಗಳೇ ಚೆನ್ನ, ಹೆಸರಿನ ಯಜಮಾನರನ್ನು ಕೇಳಿಯೇ ಇಡಿ.